ಬೀಟಲ್ ಇಂಜಿನ್‌ಗೆ ಫ್ಲೈವೀಲ್ ಕೂರಿಸುವುದು: ಸೀಲ್ ಮೊದಲೋ, ಎಂಡ್ ಪ್ಲೇ ಮೊದಲೋ?

ಕಲ್ಸಂಕ 1500 (ಉಡುಪಿ)

ಎಲ್ಲರಿಗೂ ನಮಸ್ಕಾರ. ಗಾಡಿ 1968ರ ಫೋಕ್ಸ್‌ವ್ಯಾಗನ್ ಬೀಟಲ್, ಇಂಜಿನ್ 1493 ಸಿಸಿ. ದೊಡ್ಡಪ್ಪನ ಕಾಲದಿಂದ ನಮ್ಮಲ್ಲೇ ಉಂಟು. ಹೋದ ಸಲ ಇಂಜಿನ್ ಕೆಲಸ ಆದಾಗಿನಿಂದ ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಆಯಿಲ್ ತೊಟ್ಟಿಕ್ಕುತ್ತಿತ್ತು. ಬರಬರುತ್ತಾ ಕ್ಲಚ್ ಜಾರಲಿಕ್ಕೂ ಶುರುವಾಯ್ತು. ಪೇಟೆಯೊಳಗೆ ಗೊತ್ತಾಗುವುದಿಲ್ಲ. ಆಗುಂಬೆ ಘಾಟಿಯ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಮೇಲೆ ಹೋಗುವುದಿಲ್ಲ.

ಈಗ ಇಂಜಿನ್ ಇಳಿಸಿ ಕ್ಲಚ್, ಫ್ಲೈವೀಲ್ (ಕ್ರ್ಯಾಂಕ್‌ಶಾಫ್ಟ್ ತುದಿಯ ಭಾರದ ಚಕ್ರ) ಎರಡೂ ಬಿಚ್ಚಿದ್ದೇನೆ. ಕ್ಲಚ್ ಪ್ಲೇಟ್ ಪೂರ್ತಿ ಎಣ್ಣೆ ಕುಡಿದಿದೆ. ಕ್ರ್ಯಾಂಕ್ ತುದಿಯಲ್ಲಿ ಆಯಿಲ್ ತಡೆಯುವ ಸೀಲನ್ನು ಹಿಂದೆ ಕೆಲಸ ಮಾಡಿದವರು ಹೊಸದೇ ಹಾಕಿದ್ದರು. ಅದು ಎಲ್ಲೂ ಹರಿದಿಲ್ಲ, ಆದರೂ ಸೋರಿದೆ. ಸೀಲ್ ಕಿತ್ತಾಗ ಅದರ ಹಿಂದೆ ಎರಡು ತೆಳು ಶಿಮ್ (ಸಂದು ತುಂಬುವ ಲೋಹದ ಬಳೆ) ಸಿಕ್ಕಿದವು. ಮೈಕ್ರೋಮೀಟರ್‌ನಲ್ಲಿ ಒಂದು 0.24 ಮಿ.ಮೀ., ಇನ್ನೊಂದು 0.36.

ಹೊಸ ಸೀಲ್, ಫ್ಲೈವೀಲ್ ಒಳಗಿನ ಓ-ರಿಂಗ್, ಫ್ಲೈವೀಲ್ ಹಿಡಿದಿಡುವ ಗ್ಲ್ಯಾಂಡ್ ನಟ್ ಎಲ್ಲ ತಂದಿಟ್ಟಿದ್ದೇನೆ. ಸೀಲ್ ಬಡಿದು ಕೂರಿಸಿ, ಫ್ಲೈವೀಲ್ ಹಾಕಿ ನಟ್ ಬಿಗಿದರೆ ಸಾಕಾ? ನಟ್‌ಗೆ 253 ಪೌಂಡ್-ಅಡಿ ಅಂತ ಪುಸ್ತಕದಲ್ಲಿ ಉಂಟು. ನನ್ನ ಹತ್ತಿರ ಇರುವ ಟಾರ್ಕ್ ರೆಂಚ್ 150ಕ್ಕೇ ಮುಗಿಯುತ್ತದೆ.

ಬಂದರು ಲೇತ್ (ಮಂಗಳೂರು)

ಸೀಲ್ ಪ್ಯಾಕೆಟ್‌ನಲ್ಲೇ ಇರಲಿ ಮಾರಾಯ್ರೆ, ಈಗಲೇ ಬಿಚ್ಚಬೇಡಿ. ಎರಡು ಶಿಮ್ ಸಿಕ್ಕಿತು ಅಂದ್ರಲ್ಲ, ರೋಗ ಅಲ್ಲೇ ಉಂಟು. ಈ ಇಂಜಿನ್‌ಗೆ ಶಿಮ್ ಯಾವಾಗಲೂ ಮೂರು. ದಪ್ಪದ್ದು ಎರಡು ಹಾಕಿ ಲೆಕ್ಕ ಸರಿ ಮಾಡ್ತೇನೆ ಅಂದ್ರೂ ಆಗುವುದಿಲ್ಲ.

ಕ್ರ್ಯಾಂಕ್ ಉದ್ದುದ್ದಕ್ಕೆ ಸರಿಯದ ಹಾಗೆ ತಡೆಯುವುದು ಫ್ಲೈವೀಲ್ ಕಡೆಯ ಒಂದನೇ ಮೇನ್ ಬೇರಿಂಗ್ ಮಾತ್ರ. ಉಳಿದ ಬೇರಿಂಗ್‌ಗಳಿಗೆ ಆ ಕೆಲಸ ಇಲ್ಲ. ಆ ಬೇರಿಂಗ್‌ನ ಅಂಚಿಗೆ ಒಂದು ಬದಿಯಿಂದ ಕ್ರ್ಯಾಂಕ್ ತಾಗುತ್ತದೆ, ಇನ್ನೊಂದು ಬದಿಯಿಂದ ಶಿಮ್‌ಗಳನ್ನು ನಡುವೆ ಇಟ್ಟುಕೊಂಡು ಫ್ಲೈವೀಲ್ ತಾಗುತ್ತದೆ. ನೀವು ಕ್ಲಚ್ ತುಳಿದಾಗಲೆಲ್ಲ ಫ್ಲೈವೀಲನ್ನು ಇಂಜಿನ್ ಕಡೆಗೆ ದೂಡುತ್ತೀರಿ, ಆ ಭಾರ ಪೂರ್ತಿ ಶಿಮ್ ಮೇಲೆ. ಮೂರು ಶಿಮ್ ಇದ್ದರೆ ಒಂದರ ಮೇಲೊಂದು ಜಾರುತ್ತಾ ತಿರುಗುತ್ತವೆ, ನಡುನಡುವೆ ಎಣ್ಣೆಯ ಪದರ ನಿಲ್ಲುತ್ತದೆ, ತಿಕ್ಕಾಟ ಹಂಚಿಹೋಗುತ್ತದೆ. ಕಡಿಮೆ ಇದ್ದರೆ ಬೇರಿಂಗ್ ಅಂಚು ಸವೆಯುತ್ತದೆ.

ಎಂಡ್ ಪ್ಲೇ, ಅಂದರೆ ಕ್ರ್ಯಾಂಕ್ ಉದ್ದುದ್ದಕ್ಕೆ ಸರಿಯುವ ಆಟ, 0.07ರಿಂದ 0.13 ಮಿ.ಮೀ. ಒಳಗೆ ಇರಬೇಕು. 0.15 ದಾಟಿದರೆ ಕೆಲಸ ಮಾಡಲೇಬೇಕು. ನಿಮ್ಮದು ಅದಕ್ಕಿಂತ ಎಷ್ಟೋ ಹೆಚ್ಚಿರಬೇಕು ಅಂತ ನನ್ನ ಅಂದಾಜು. ಹಾಗಿದ್ದರೆ ಫ್ಲೈವೀಲ್‌ನ ಕುತ್ತಿಗೆ ಸೀಲ್ ಲಿಪ್‌ನ (ಸೀಲ್‌ನ ಒಳಅಂಚಿನ) ಕೆಳಗೆ ತಿರುಗುವುದರ ಜೊತೆಗೆ ಹಿಂದೆ ಮುಂದೆಯೂ ಓಡುತ್ತದೆ. ಎಷ್ಟು ಒಳ್ಳೆಯ ಸೀಲ್ ಹಾಕಿದರೂ ಸೋರುವುದೇ.

ಇನ್ನೊಂದು ಮಾತು. ಶಿಮ್ ಕೂರುವುದು ಸೀಲ್‌ನ ಹಿಂದೆ. ಸೀಲ್ ಹಾಕಿದ ಮೇಲೆ ಶಿಮ್ ಬದಲಿಸಬೇಕು ಅಂದರೆ ಸೀಲ್ ಕೀಳಬೇಕು, ಕಿತ್ತ ಸೀಲ್ ಮತ್ತೆ ಹಾಕುವಂತಿಲ್ಲ. ಹಾಗಾಗಿ ಮೊದಲು ಎಂಡ್ ಪ್ಲೇ, ಕೊನೆಗೆ ಸೀಲ್. ಈ ಕ್ರಮ ತಪ್ಪಿಸಿ ಮಾಡಿದ ಇಂಜಿನ್‌ಗಳು ನನ್ನ ಅಂಗಡಿಗೆ ಬರುತ್ತಲೇ ಇರುತ್ತವೆ.

ಫ್ಲೈವೀಲ್ ಕುತ್ತಿಗೆ, ಅಂದರೆ ಸೀಲ್ ಲಿಪ್ ಓಡುವ ಜಾಗ, ಹೇಗುಂಟು? ಉಗುರು ಎಳೆದು ನೋಡಿ ಹೇಳಿ.

ಬಜ್ಪೆ ಅಂಬಾಸಿಡರ್

ನಡುವೆ ಬಾಯಿ ಹಾಕ್ತಿದ್ದೇನೆ, ಬೇಸರ ಮಾಡ್ಕೊಬೇಡಿ. ನನ್ನ ಅಂಬಾಸಿಡರ್ 1489 ಸಿಸಿ ಪೆಟ್ರೋಲ್. ಅದರ ಫ್ಲೈವೀಲ್ ಕಡೆ ರಬ್ಬರ್ ಸೀಲೇ ಇಲ್ಲ ಅಂತ ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ನಿಲ್ಲಿಸಿದ ಕಡೆ ಎರಡು ಹನಿ ಬೀಳುತ್ತದೆ, ಅಷ್ಟೆ. ಸೀಲ್ ಇಲ್ಲದೆ ಅದು ಅಷ್ಟಾದರೂ ತಡೆಯುವುದು ಹೇಗೆ, ಸೀಲ್ ಇದ್ದೂ ಬೀಟಲ್ ಇಷ್ಟು ಸೋರುವುದು ಯಾಕೆ? ಸುತ್ತ ಸಿಲಿಕಾನ್ ಗಮ್ ಹಚ್ಚಿದರೆ ಆಗುವುದಿಲ್ವಾ?

ಬಂದರು ಲೇತ್ (ಮಂಗಳೂರು)

ಒಳ್ಳೆಯ ಪ್ರಶ್ನೆ ಕೇಳಿದ್ರಿ. ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಅಂಬಾಸಿಡರ್‌ನ ಆ ಇಂಜಿನ್ ಬ್ರಿಟನ್ನಿನ ಬಿಎಂಸಿ ಬಿ-ಸೀರೀಸ್, ಮೂರು ಮೇನ್ ಬೇರಿಂಗ್‌ನದ್ದು. ಅದರ ಕ್ರ್ಯಾಂಕ್‌ನ ಹಿಂದಿನ ತುದಿಯಲ್ಲಿ ಸ್ಕ್ರೂ ಥರ ಎಳೆ ಕೊರೆದಿರುತ್ತಾರೆ. ಇಂಜಿನ್ ತಿರುಗುವಾಗ ಆ ಎಳೆ ಹೊರಗೆ ಬರುವ ಆಯಿಲನ್ನು ಒಳಗೇ ದೂಡುತ್ತದೆ. ಇಂಜಿನ್ ನಿಂತರೆ ದೂಡುವವರಿಲ್ಲ, ಅದಕ್ಕೇ ನಿಲ್ಲಿಸಿದ ಮೇಲೆ ಹನಿ ಬೀಳುವುದು. ಅದು ಆ ಇಂಜಿನ್‌ನ ಗುಣ, ದೋಷ ಅಲ್ಲ.

ಬೀಟಲ್‌ಗೂ ಇದೇ ವಿಷಯ ತಾಗುತ್ತದೆ, ಆದರೆ ತಿರುಗಾಮುರುಗಾ. ಫ್ಲೈವೀಲ್ ಕುತ್ತಿಗೆ ಸವೆದಿದೆ ಅಂತ ಲೇತ್‌ಗೆ ಕೊಡುತ್ತಾರೆ. ಕೆಲಸದವರು ಟೂಲ್ ಅಡ್ಡಕ್ಕೆ ಓಡಿಸಿ ನಯ ಮಾಡಿ ಕೊಡುತ್ತಾರೆ. ಕಣ್ಣಿಗೆ ಕನ್ನಡಿ ಹಾಗೆ ಕಾಣುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಸುರುಳಿ ಗೆರೆ ಇರುತ್ತದೆ. ಅದರ ದಿಕ್ಕು ಉಲ್ಟಾ ಬಿದ್ದರೆ ಅಂಬಾಸಿಡರ್‌ನ ಎಳೆ ಆಯಿಲನ್ನು ಒಳಗೆ ತಳ್ಳುವಂತೆ ಇದು ಹೊರಗೆ ತಳ್ಳುತ್ತದೆ. ಹೊಸ ಸೀಲ್, ಹೊಳೆಯುವ ಕುತ್ತಿಗೆ, ಆದರೂ ಸೋರಿಕೆ. ಯಾರಿಗೂ ಕಾರಣ ಗೊತ್ತಾಗುವುದಿಲ್ಲ.

ಅದಕ್ಕೆ ಕುತ್ತಿಗೆ ಪಾಲಿಶ್ ಮಾಡಿಸುವಾಗ ಎಮರಿ ಪೇಪರ್ ಒಂದೇ ಜಾಗದಲ್ಲಿ ಹಿಡಿಯಬೇಕು, ಎಡಕ್ಕೆ ಬಲಕ್ಕೆ ಸರಿಸಬಾರದು. 400ರಲ್ಲಿ ಶುರು ಮಾಡಿ 600ರಲ್ಲಿ ಎಣ್ಣೆ ಹಾಕಿ ಮುಗಿಸಬೇಕು. ಗೆರೆ ಎಲ್ಲ ನೇರ ಸುತ್ತಿಗೆ ಬರಬೇಕು.

ಸಿಲಿಕಾನ್ ಗಮ್ ಬೇಡ. ತಿರುಗುವ ಜಾಗವನ್ನು ಗಮ್ ತಡೆಯುವುದಿಲ್ಲ. ಹೆಚ್ಚಾಗಿ ಹಚ್ಚಿದ್ದು ಒಳಗೆ ಉದುರಿ ಆಯಿಲ್ ಸ್ಟ್ರೇನರ್‌ನ ಜಾಲರಿಗೆ ಅಂಟಿದರೆ ಇಂಜಿನ್ನೇ ಹೋಗುತ್ತದೆ.

ಸುರತ್ಕಲ್ ಮೆಕ್ಯಾನಿಕಲ್

ಬಂದರು ಅಣ್ಣ ಹೇಳಿದ್ದಕ್ಕೆ ಅಳತೆಯ ಕ್ರಮ ಸೇರಿಸುತ್ತೇನೆ. ಡಯಲ್ ಗೇಜ್ ಬೇಕೇ ಬೇಕು, ಫೀಲರ್ ಗೇಜ್‌ನಲ್ಲಿ ಈ ಕೆಲಸ ಸರಿಯಾಗುವುದಿಲ್ಲ. ಮ್ಯಾಗ್ನೆಟ್ ಸ್ಟ್ಯಾಂಡ್ ಕ್ರ್ಯಾಂಕ್‌ಕೇಸ್‌ಗೆ ಅಂಟುವುದಿಲ್ಲ, ಅದು ಮೆಗ್ನೀಸಿಯಮ್ ಮಿಶ್ರಲೋಹ. ಕೇಸ್‌ನ ಸ್ಟಡ್‌ಗೆ ಒಂದು ಕಬ್ಬಿಣದ ಪಟ್ಟಿ ಕಟ್ಟಿ ಅದರ ಮೇಲೆ ನಿಲ್ಲಿಸಿ.

ಸೀಲ್ ಇಲ್ಲದೆ, ಓ-ರಿಂಗ್ ಇಲ್ಲದೆ, ಎರಡು ಶಿಮ್ ಮಾತ್ರ ಇಟ್ಟು ಫ್ಲೈವೀಲ್ ಹಾಕಿ ನಟ್ ಬಿಗಿಯಿರಿ. ಗೇಜ್‌ನ ಮೊನೆ ಫ್ಲೈವೀಲ್ ಮುಖಕ್ಕೆ ತಾಗಿರಲಿ. ಕ್ರ್ಯಾಂಕನ್ನು ಪೂರ್ತಿ ಒಳಗೆ ದೂಡಿ ಸೊನ್ನೆ ಮಾಡಿ, ಪೂರ್ತಿ ಹೊರಗೆ ಎಳೆದು ಓದಿ. ಬಂದ ಅಂಕಿಯಿಂದ 0.10 ಕಳೆದರೆ ಉಳಿಯುವುದೇ ಮೂರನೆಯ ಶಿಮ್‌ನ ದಪ್ಪ. ಶಿಮ್‌ಗಳು 0.24, 0.30, 0.32, 0.34, 0.36, 0.38 ಮಿ.ಮೀ. ದಪ್ಪದಲ್ಲಿ ಬರುತ್ತವೆ. ಮೇಲೆ ಬರೆದ ಅಂಕಿಯನ್ನು ನಂಬದೆ ಪ್ರತಿಯೊಂದನ್ನೂ ಮೈಕ್ರೋಮೀಟರ್‌ನಲ್ಲಿ ಅಳೆಯಿರಿ.

ನಿಮ್ಮ ಫ್ಲೈವೀಲ್‌ಗೆ ಓ-ರಿಂಗ್ ಇರುವುದರಿಂದ ಅದನ್ನು ಬಿಟ್ಟು ಅಳೆಯಬಹುದು. ಓ-ರಿಂಗ್ ತೋಡಿನೊಳಗೆ ಅಡಗುತ್ತದೆ, ದಪ್ಪ ಲೆಕ್ಕಕ್ಕೆ ಬರುವುದಿಲ್ಲ. ಇನ್ನೂ ಹಳೆಯ ಫ್ಲೈವೀಲ್‌ಗಳಲ್ಲಿ ಆ ಜಾಗಕ್ಕೆ ಗ್ಯಾಸ್ಕೆಟ್ ಇತ್ತು. ಅಂಥವುಗಳಲ್ಲಿ ಗ್ಯಾಸ್ಕೆಟ್ ಹಾಕಿಯೇ ಅಳೆಯಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಅಳೆಯುವಾಗ ಬೇರಿಂಗ್ ಮೇಲೆ ಕಣ್ಣಿಡಿ. ಕ್ರ್ಯಾಂಕ್ ಜೊತೆ ಬೇರಿಂಗೂ ಕೇಸ್‌ನೊಳಗೆ ಹಿಂದೆ ಮುಂದೆ ಸರಿಯುತ್ತಿದ್ದರೆ ಶಿಮ್‌ನಿಂದ ಏನೂ ಪ್ರಯೋಜನ ಇಲ್ಲ. ಆಗ ಕೇಸ್ ಬಿಡಿಸಿ, ಬೇರಿಂಗ್ ಕೂರುವ ಜಾಗ ಮೆಷಿನ್ ಮಾಡಿಸಿ, ಅಗಲ ಅಂಚಿನ ಬೇರಿಂಗ್ ಹಾಕಬೇಕು. ಜೊತೆಗೆ ಫ್ಲೈವೀಲ್ ಹಿಡಿದು ಮೇಲೆ ಕೆಳಗೆ ಎತ್ತಿ ನೋಡಿ. ಆ ದಿಕ್ಕಿನಲ್ಲಿ ಕೈಗೆ ಆಟ ಸಿಕ್ಕರೆ ಬೇರಿಂಗ್ ಕೇಸ್‌ನಲ್ಲಿ ಸಡಿಲ ಆಗಿದೆ ಅಂತ ಅರ್ಥ. ಅದೂ ಸೀಲ್ ಸೋರಲು ದೊಡ್ಡ ಕಾರಣ.

ಕಲ್ಸಂಕ 1500 (ಉಡುಪಿ)

ಇಷ್ಟು ವಿವರವಾಗಿ ಬರೆದದ್ದಕ್ಕೆ ಇಬ್ಬರಿಗೂ ತುಂಬಾ ಉಪಕಾರ ಆಯ್ತು. ಕುತ್ತಿಗೆ ನೋಡಿದೆ. ಲಿಪ್ ಓಡಿದ ಜಾಗದಲ್ಲಿ ಪಟ್ಟಿ ಕಾಣುತ್ತದೆ, ಆದರೆ ಉಗುರು ಸಿಕ್ಕಿಕೊಳ್ಳುವುದಿಲ್ಲ. ಪಟ್ಟಿಯ ಪಕ್ಕದಲ್ಲಿ ತುಕ್ಕಿನ ಚುಕ್ಕೆ ಉಂಟು. ಹೋದ ಮಳೆಗಾಲ ಪೂರ್ತಿ ಗಾಡಿ ಶೆಡ್‌ನಲ್ಲೇ ನಿಂತಿತ್ತು.

ಬಂದರು ಲೇತ್ (ಮಂಗಳೂರು)

ಉಗುರು ಸಿಗದಿದ್ದರೆ ಪಾಲಿಶ್ ಸಾಕು. ತುಕ್ಕಿನ ಚುಕ್ಕೆ ಲಿಪ್ ಬರುವ ಜಾಗದಲ್ಲಿ ಗುಂಡಿ ಆಗಿದ್ದರೆ ಮಾತ್ರ ತೆಳು ಸ್ಟೀಲ್ ಸ್ಲೀವ್ ಹತ್ತಿಸಬೇಕು. ಅದರ ದಪ್ಪ ಕಾಲು ಮಿ.ಮೀ.ಗಿಂತ ಚೂರು ಹೆಚ್ಚು, ಸೀಲ್ ಅದೇ ಸೈಜ್‌ನದ್ದು ನಡೆಯುತ್ತದೆ. ಸೀಲನ್ನು ಸ್ವಲ್ಪ ಹೊರಗೆ ನಿಲ್ಲಿಸಿ ಲಿಪ್‌ಗೆ ಹೊಸ ಜಾಗ ಕೊಡಿ ಅಂತ ಕೆಲವರು ಹೇಳುತ್ತಾರೆ. ಬೀಟಲ್‌ನಲ್ಲಿ ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಇಲ್ಲಿ ಸೀಲ್ ಗೂಡಿನ ತಳಕ್ಕೆ ಕೂರಬೇಕು. ಹೊರಗೆ ಉಳಿದರೆ ಓರೆಯಾಗುತ್ತದೆ, ಫ್ಲೈವೀಲ್‌ಗೂ ತಾಗೀತು.

ನಮ್ಮ ಕಡಲತೀರದಲ್ಲಿ ಗಾಡಿ ನಿಲ್ಲಿಸಿಡುವವರು ಒಂದು ತಿಳ್ಕೊಳ್ಳಿ. ನಿಂತ ಇಂಜಿನ್‌ನಲ್ಲಿ ಕುತ್ತಿಗೆಯ ಮೇಲಿನ ಎಣ್ಣೆ ಇಳಿದುಹೋಗುತ್ತದೆ, ಉಪ್ಪು ಗಾಳಿ ತೇವ ಕಬ್ಬಿಣವನ್ನು ಹಿಡಿಯುತ್ತದೆ. ಮೆಗ್ನೀಸಿಯಮ್ ಕೇಸ್‌ಗಂತೂ ಉಪ್ಪು ಆಗಿಬರುವುದೇ ಇಲ್ಲ. ಮಳೆಗಾಲದಲ್ಲೂ ಆಗಾಗ ಇಂಜಿನ್ ಬಿಸಿಯಾಗುವ ತನಕ ಓಡಿಸಬೇಕು.

ಬಿಡಿಭಾಗದ ಅಕ್ಕ (ಕಂಕನಾಡಿ)

ಸೀಲ್ ಬಗ್ಗೆ ನಾನು ಹೇಳುತ್ತೇನೆ, ಕೌಂಟರ್‌ನಲ್ಲಿ ದಿನಾ ಕೈಯಲ್ಲಿ ಹಿಡಿಯುವ ಸಾಮಾನು ಅದು. ಈ ಗಾಡಿಗೆ ಎರಡು ಬಗೆ ಬರುತ್ತದೆ. ಕಪ್ಪಗಿರುವುದು ನೈಟ್ರೈಲ್ ರಬ್ಬರ್, ಇಟ್ಟಿಗೆ ಬಣ್ಣದ್ದು ಸಿಲಿಕಾನ್. ನೈಟ್ರೈಲ್ ಸುಮಾರು 100 ಡಿಗ್ರಿ ತನಕ ಆರಾಮ, ಆಮೇಲೆ ನಿಧಾನಕ್ಕೆ ಗಟ್ಟಿಯಾಗುತ್ತದೆ. ಸಿಲಿಕಾನ್ ಅದರ ದುಪ್ಪಟ್ಟು ಬಿಸಿ ತಡೆಯುತ್ತದೆ. ಗಾಳಿಯಿಂದ ತಣ್ಣಗಾಗುವ ಇಂಜಿನ್, ಘಾಟಿ ಹತ್ತಿಸುವವರು ಬೇರೆ, ನಿಮಗೆ ಸಿಲಿಕಾನ್ ಒಳ್ಳೆಯದು. ಆದರೆ ಅದು ಮೆತ್ತಗೆ, ಚೂಪು ಅಂಚು ತಾಗಿದರೆ ಹರಿಯುತ್ತದೆ. ಸೀಲ್ ಕೂರುವ ಗೂಡಿನ ಹೊರಅಂಚನ್ನು ಸ್ಕ್ರೇಪರ್‌ನಿಂದ ಸ್ವಲ್ಪ ಓರೆ ಮಾಡಿ, ಪುಡಿ ಎಲ್ಲ ಚೆನ್ನಾಗಿ ಒರೆಸಿ ಮತ್ತೆ ಹಾಕಿ. ಪೆಟ್ರೋಲ್‌ನಲ್ಲಿ ಸೀಲ್ ತೊಳೆಯಲೇಬೇಡಿ, ಸಿಲಿಕಾನ್ ಉಬ್ಬುತ್ತದೆ.

ತಮ್ಮಾ, ನಿನ್ನ ಕೈಯಲ್ಲಿರುವ ಸೀಲ್ ಹಳೆಯ ದಾಸ್ತಾನಾದರೆ ಲಿಪ್ ಬೆರಳಲ್ಲಿ ಮಡಚಿ ಬಿಟ್ಟು ನೋಡು. ತಕ್ಷಣ ಮೊದಲಿನ ಆಕಾರಕ್ಕೆ ಬರಬೇಕು, ಸಣ್ಣ ಬಿರುಕೂ ಕಾಣಬಾರದು. ಲಿಪ್ ಹಿಂದಿನ ಸುರುಳಿ ಸ್ಪ್ರಿಂಗ್ ತನ್ನ ತೋಡಿನಲ್ಲಿ ಉಂಟಾ ನೋಡು. ಬಡಿಯುವಾಗ ಆ ಸ್ಪ್ರಿಂಗ್ ಹಾರಿಹೋಗುವುದು ಜಾಸ್ತಿ.

ಶಿರ್ವದ ಹಳೆ ಗಾಡಿ

ಸೀಲ್ ಮೇಲೇ ಎಲ್ಲ ತಪ್ಪು ಹೊರಿಸುವ ಮೊದಲು ಆಯಿಲ್ ಎಲ್ಲಿಂದ ಬಂತು ಅಂತ ಗುರುತು ನೋಡಬೇಕು. ತೊಳೆದುಬಿಟ್ಟರೆ ಸಾಕ್ಷಿ ಹೋಯಿತು. ಕಲ್ಸಂಕದವರೇ, ಇನ್ನೂ ತೊಳೆದಿಲ್ಲ ಅಂತ ಭಾವಿಸುತ್ತೇನೆ.

ಫ್ಲೈವೀಲ್‌ನ ಇಂಜಿನ್ ಕಡೆಯ ಮುಖ ಒದ್ದೆಯಾಗಿ, ಬೆಲ್ ಹೌಸಿಂಗ್‌ನ (ಕ್ಲಚ್ ಸುತ್ತಲಿನ ಗೇರ್‌ಬಾಕ್ಸ್ ಕವಚದ) ಒಳಗೆ ಸುತ್ತಲೂ ಎರಚಿದ ಹಾಗಿದ್ದರೆ ಮೇನ್ ಸೀಲ್. ಇಂಜಿನ್ ಕಡೆ ಒಣಗಿದ್ದು ಕ್ಲಚ್ ಕಡೆಯ ನಡುಭಾಗ ಮಾತ್ರ ಒದ್ದೆಯಿದ್ದರೆ ಓ-ರಿಂಗ್ ಹೋಗಿ ಗ್ಲ್ಯಾಂಡ್ ನಟ್ ಸುತ್ತ ಬಂದಿರುತ್ತದೆ, ಇಲ್ಲವೇ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಸೀಲ್. ಗೇರ್ ಆಯಿಲ್ ಮೂಗಿಗೆ ಹಿಡಿದರೆ ಗಂಧಕದ ವಾಸನೆ, ಗೊತ್ತಾಗದೆ ಇರುವುದಿಲ್ಲ. ಫ್ಲೈವೀಲ್ ಒಣಗಿದ್ದು ಅದರ ಹಿಂದೆ ಕೇಸ್ ಮೇಲೆ ಮಾತ್ರ ಧಾರೆ ಇಳಿದಿದ್ದರೆ ಕ್ಯಾಮ್‌ಶಾಫ್ಟ್ ತುದಿಯ ಪ್ಲಗ್. ಕೇಸ್‌ನ ಎರಡು ಹೋಳುಗಳ ನಡುವೆ ಕೂರುವ ಮುಚ್ಚಳ ಅದು, ಸರಿ ಮಾಡಲು ಕೇಸ್ ಬಿಡಿಸಬೇಕಾಗುತ್ತದೆ.

ಪಿಸ್ಟನ್ ರಿಂಗ್ ಸವೆದು ಕೇಸ್‌ನೊಳಗೆ ಒತ್ತಡ ಏರುತ್ತಿದ್ದರೂ ಆಯಿಲ್ ಇರುವ ದಾರಿಯಲ್ಲೆಲ್ಲ ಹೊರಬರುತ್ತದೆ. ಬ್ರೀದರ್ ಪೈಪ್ ಕಟ್ಟಿದೆಯಾ ಅಂತಲೂ ನೋಡಿ.

ಕಲ್ಸಂಕ 1500 (ಉಡುಪಿ)

ತೊಳೆದಿಲ್ಲ ಸರ್. ಫ್ಲೈವೀಲ್‌ನ ಇಂಜಿನ್ ಕಡೆ ಪೂರ್ತಿ ಒದ್ದೆ, ಹೌಸಿಂಗ್‌ನಲ್ಲಿ ಸುತ್ತಲೂ ಎರಚಿದ ಗುರುತು. ಕ್ಯಾಮ್ ಪ್ಲಗ್‌ನ ಜಾಗ ಒಣಗಿದೆ. ಗಂಧಕದ ವಾಸನೆ ಇಲ್ಲ. ಫ್ಲೈವೀಲ್ ಕುತ್ತಿಗೆ ಮಣಿಪಾಲದ ಕೈಗಾರಿಕಾ ಪ್ರದೇಶದಲ್ಲಿ ಪರಿಚಯದವರ ಲೇತ್‌ನಲ್ಲಿ ಪಾಲಿಶ್ ಮಾಡಿಸಿದೆ, ಎಮರಿ ಅಡ್ಡಕ್ಕೆ ಸರಿಸಬೇಡಿ ಅಂತ ಪಕ್ಕದಲ್ಲೇ ನಿಂತು ಹೇಳಿದೆ. ತುಕ್ಕಿನ ಚುಕ್ಕೆ ಹೋಯಿತು, ಗುಂಡಿ ಇಲ್ಲ. ಶಿಮ್ ಹೊಸದು ತರಿಸಿದ್ದೇನೆ. ಇನ್ನು ಅಳೆಯಬೇಕಾದರೆ ನಟ್ ಬಿಗಿಯಬೇಕು, ರೆಂಚ್‌ನ ಪ್ರಶ್ನೆ ಹಾಗೇ ಉಳಿಯಿತು.

ಮಲ್ಪೆ ಡೀಸೆಲ್

ರೆಂಚ್ ನನ್ನ ಹತ್ತಿರ ಉಂಟು. ಬೋಟ್ ಇಂಜಿನ್ ಕೆಲಸ ನನ್ನದು, ನಿಮ್ಮ 253 ಪೌಂಡ್-ಅಡಿ ನಮಗೆ ದೊಡ್ಡ ಅಂಕಿ ಅಲ್ಲ. ಈಗ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್, ಬೋಟುಗಳೆಲ್ಲ ದಕ್ಕೆಯಲ್ಲಿ. ಇಂಜಿನ್ ಓವರ್‌ಹಾಲ್ ಎಲ್ಲ ಈ ಎರಡು ತಿಂಗಳಲ್ಲೇ ಮುಗಿಯಬೇಕು, ಹಗಲು ರೆಂಚ್ ಬಿಡುವಿರುವುದಿಲ್ಲ. ಸಂಜೆ ಆರರ ಮೇಲೆ ಬನ್ನಿ, ಕೊಡುತ್ತೇನೆ. 36 ಮಿ.ಮೀ. ಸಾಕೆಟ್ ಮುಕ್ಕಾಲು ಇಂಚಿನದ್ದು ನೀವೇ ತನ್ನಿ.

ಫ್ಲೈವೀಲ್ ತಿರುಗದ ಹಾಗೆ ಹಿಡಿಯಲಿಕ್ಕೆ ದಪ್ಪ ಕಬ್ಬಿಣದ ಆಂಗಲ್‌ಗೆ ಎರಡು ತೂತು ಕೊರೆದು ಕ್ಲಚ್ ಬೋಲ್ಟ್‌ನ ಜಾಗಕ್ಕೆ ಕಟ್ಟಿ. ಆಂಗಲ್ ಉದ್ದ ಇರಲಿ, ಇನ್ನೊಂದು ತುದಿ ನೆಲಕ್ಕೆ ಒರಗಬೇಕು. ಹಲ್ಲಿನ ನಡುವೆ ಸ್ಕ್ರೂಡ್ರೈವರ್ ತುರುಕುವ ಕೆಲಸ ಬೇಡ, ರಿಂಗ್ ಗೇರ್‌ನ ಹಲ್ಲು ಮುರಿಯುತ್ತದೆ.

ಬಜ್ಪೆ ಅಂಬಾಸಿಡರ್

ರೆಂಚ್ ಸಿಗದ ಊರಿನವರು ಪೈಪ್ ಹಾಕಿ ಬಿಗಿಯುವುದು ತಪ್ಪಾ? ನಮ್ಮ ಕಡೆ ಲಾರಿ ವೀಲ್ ನಟ್‌ಗೆಲ್ಲ ಹಾಗೇ ಮಾಡುವುದು.

ಸುರತ್ಕಲ್ ಮೆಕ್ಯಾನಿಕಲ್

ಲೆಕ್ಕ ಗೊತ್ತಿದ್ದರೆ ತಪ್ಪಿಲ್ಲ. 253 ಪೌಂಡ್-ಅಡಿ ಅಂದರೆ 35 ಕಿಲೋಗ್ರಾಮ್-ಮೀಟರ್, ನ್ಯೂಟನ್ ಮೀಟರ್‌ನಲ್ಲಿ 343. ನಟ್‌ನ ಮಧ್ಯದಿಂದ ಸರಿಯಾಗಿ ಅರ್ಧ ಮೀಟರ್ ದೂರಕ್ಕೆ ಗುರುತು ಹಾಕಿ, ಪೈಪ್ ನೆಲಕ್ಕೆ ಸಮಾನಾಂತರ ಇದ್ದಾಗ 70 ಕಿಲೋ ತೂಕದ ಮನುಷ್ಯ ಆ ಗುರುತಿನ ಮೇಲೆ ತನ್ನ ಪೂರ್ತಿ ಭಾರ ನಿಧಾನಕ್ಕೆ ಬಿಟ್ಟರೆ ಅಷ್ಟೇ ಟಾರ್ಕ್. ಜಗ್ಗಬಾರದು, ಕುಣಿಯಬಾರದು. ಕುಣಿದರೆ ಎಷ್ಟು ಬಿತ್ತು ಅಂತ ಯಾರಿಗೂ ಹೇಳಲು ಬರುವುದಿಲ್ಲ.

ಮಲ್ಪೆ ಡೀಸೆಲ್

ಲೆಕ್ಕ ಸರಿ, ಆದರೂ ರೆಂಚ್ ಹತ್ತಿರ ಇರುವಾಗ ಪೈಪ್ ಯಾಕೆ? ಈ ಒಂದೇ ನಟ್ ಮೇಲೆ ಫ್ಲೈವೀಲ್, ಕ್ಲಚ್ ಎಲ್ಲ ನಿಂತಿದೆ. ಸಡಿಲವಾದರೆ ಫ್ಲೈವೀಲನ್ನು ಕ್ರ್ಯಾಂಕ್‌ಗೆ ಕೂಡಿಸುವ ಡವೆಲ್ ಪಿನ್‌ಗಳ ತೂತು ಅಂಡಾಕಾರ ಆಗುತ್ತದೆ, ಆಮೇಲೆ ಕ್ರ್ಯಾಂಕೂ ಫ್ಲೈವೀಲೂ ಎರಡೂ ದಂಡ. ಕಲ್ಸಂಕದಿಂದ ಮಲ್ಪೆಗೆ ಎಷ್ಟು ದೂರ, ಬನ್ನಿ.

ಕಲ್ಸಂಕ 1500 (ಉಡುಪಿ)

ರೆಂಚ್ ತಂದು ಅಳೆದೆ. 0.30ರ ಎರಡು ಹೊಸ ಶಿಮ್ ಇಟ್ಟಾಗ ಗೇಜ್‌ನಲ್ಲಿ 0.46 ಬಂತು. 0.10 ಕಳೆದು 0.36ರ ಮೂರನೆಯದು ಹಾಕಿದೆ. ಮತ್ತೆ ಬಿಗಿದು ನೋಡಿದರೆ 0.10 ಚೂರೂ ಆಚೀಚೆ ಇಲ್ಲ. ಬೇರಿಂಗ್ ಕೇಸ್‌ನಲ್ಲಿ ಗಟ್ಟಿ ಕೂತಿದೆ, ಮೇಲೆ ಕೆಳಗೂ ಆಟ ಇಲ್ಲ. ಬೇರಿಂಗ್ ಅಂಚಿನಲ್ಲಿ ಹೊಳಪು ಉಂಟು, ಗೀರು ಇಲ್ಲ.

ಬಂದರು ಲೇತ್ (ಮಂಗಳೂರು)

ಹಳೆಯ ಎರಡು ಶಿಮ್ 0.24 ಮತ್ತು 0.36, ಸೇರಿ 0.60. ಹೊಸ ಎರಡು 0.30, ಅದೂ ಸೇರಿ 0.60. ಅಂದರೆ ಗಾಡಿ ಇಷ್ಟು ಕಾಲ 0.46ರ ಎಂಡ್ ಪ್ಲೇಯಲ್ಲೇ ಓಡಿದೆ, ಮಿತಿಯ ಮೂರು ಪಟ್ಟು. ಬೇರಿಂಗ್ ಉಳಿದದ್ದು ಪುಣ್ಯ. ಈಗ ಸೀಲ್ ಪ್ಯಾಕೆಟ್ ಬಿಚ್ಚಿ.

ಮೂರೂ ಶಿಮ್‌ಗೆ ಎಣ್ಣೆ ಹಚ್ಚಿ ಮೊದಲು ಹಾಕಿ. ಸೀಲ್ ಬಡಿಯುವ ಗಡಿಬಿಡಿಯಲ್ಲಿ ಶಿಮ್ ಮೇಜಿನ ಮೇಲೇ ಉಳಿಯುವುದುಂಟು, ನೋಡಿಕೊಳ್ಳಿ. ಗೂಡಿಗೆ ತೆಳುವಾಗಿ ಸೀಲಿಂಗ್ ಪೇಸ್ಟ್ ಸವರಿ. ಸ್ಪ್ರಿಂಗ್ ಇರುವ ಬದಿ ಇಂಜಿನ್ ಒಳಗೆ, ಮುಚ್ಚಿದ ಬದಿ ನಿಮಗೆ ಕಾಣಬೇಕು. ಸುತ್ತಿಗೆಯಿಂದ ಒಂದೊಂದು ಕಡೆ ಬಡಿದರೆ ಓರೆಯಾಗುತ್ತದೆ. ಸೀಲ್‌ನ ಹೊರಅಂಚಿಗೆ ಮಾತ್ರ ಕೂರುವ ಚಪ್ಪಟೆ ಸ್ಟೀಲ್ ರಿಂಗ್ ಮಾಡಿಸಿ. ಅದರ ಮೇಲೆ ಅಡ್ಡ ಪಟ್ಟಿ ಇಟ್ಟು, ಹಳೆಯ ಗ್ಲ್ಯಾಂಡ್ ನಟ್‌ನಿಂದಲೇ ಸ್ವಲ್ಪ ಸ್ವಲ್ಪ ಎಳೆಯಿರಿ. ಸುತ್ತಲೂ ಸಮ ತಳ ಮುಟ್ಟುವ ತನಕ.

ಆಮೇಲೆ ಲಿಪ್‌ಗೆ ಮತ್ತು ಕುತ್ತಿಗೆಗೆ ಇಂಜಿನ್ ಆಯಿಲ್. ಓ-ರಿಂಗ್ ಫ್ಲೈವೀಲ್ ಒಳಗಿನ ತೋಡಿನಲ್ಲಿ, ತಿರುಚದ ಹಾಗೆ. ಡವೆಲ್‌ಗೆ ನೇರ ಹಿಡಿದು ಫ್ಲೈವೀಲ್ ಒಳಗೆ ಬಿಡಿ, ಬಿಚ್ಚುವಾಗ ಹಾಕಿದ ಗುರುತಿಗೇ ಕೂರಿಸಿ. ಗ್ಲ್ಯಾಂಡ್ ನಟ್‌ನೊಳಗಿನ ಸೂಜಿ ಬೇರಿಂಗ್‌ಗೆ ಚಿಟಿಕೆಯಷ್ಟು ಗ್ರೀಸ್ ಮಾತ್ರ. ಹೆಚ್ಚಾದರೆ ಬಿಸಿಗೆ ಕರಗಿ ಹೊಸ ಕ್ಲಚ್ ಪ್ಲೇಟ್‌ಗೇ ಹಾರುತ್ತದೆ. ಎಲ್ಲ ಬಿಗಿದ ಮೇಲೆ ಡಯಲ್ ಗೇಜ್ ಇನ್ನೊಮ್ಮೆ ಇಟ್ಟು ಫ್ಲೈವೀಲ್ ಓಲಾಟವೂ ನೋಡಿ, 0.3 ಮಿ.ಮೀ. ದಾಟಬಾರದು.

ಕಲ್ಸಂಕ 1500 (ಉಡುಪಿ)

ಹಾಗೇ ಮಾಡಿದೆ. ಸೀಲ್ ಸಮ ಕೂತಿತು, ಎಂಡ್ ಪ್ಲೇ 0.10ರಲ್ಲೇ ನಿಂತಿದೆ, ಓಲಾಟ ಮಿತಿಯೊಳಗೆ ಉಂಟು. ಗೇರ್‌ಬಾಕ್ಸ್ ಸೀಲ್ ಸೋರುತ್ತಿಲ್ಲ, ಆದರೂ ಈಗಲೇ ಬದಲಿಸಲಾ?

ಶಿರ್ವದ ಹಳೆ ಗಾಡಿ

ಬದಲಿಸಿಬಿಡಿ. ಆ ಸೀಲ್‌ಗೆ ಹೆಚ್ಚು ದುಡ್ಡಿಲ್ಲ, ಅದೊಂದಕ್ಕೋಸ್ಕರ ಇಂಜಿನ್ ಮತ್ತೆ ಇಳಿಸುವುದು ದೊಡ್ಡ ಕೆಲಸ. ಕ್ಲಚ್ ಪ್ಲೇಟ್ ಹೊಸದೇ ಹಾಕಿ, ಎಣ್ಣೆ ಕುಡಿದ ಪ್ಲೇಟ್ ಸುಟ್ಟು ಉಜ್ಜಿ ಹಾಕಿದರೆ ಆಗುಂಬೆಯಲ್ಲಿ ಮತ್ತೆ ಅದೇ ಕಥೆ. ಫ್ಲೈವೀಲ್ ಮುಖ ಥಿನ್ನರ್‌ನಲ್ಲಿ ಚೆನ್ನಾಗಿ ಒರೆಸಿ. ಕ್ಲಚ್ ಬೋಲ್ಟ್ ಎದುರುಬದುರು ಸ್ವಲ್ಪ ಸ್ವಲ್ಪ ಬಿಗಿಯುತ್ತಾ 25 ನ್ಯೂಟನ್ ಮೀಟರ್‌ಗೆ ಮುಗಿಸಿ, ಇದಕ್ಕೆ ನಿಮ್ಮ ಸಣ್ಣ ರೆಂಚೇ ಸಾಕು. ಆಯಿಲ್ ಎರಡೂವರೆ ಲೀಟರ್, ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಿಸಬೇಡಿ.

ಮಲ್ಪೆ ಡೀಸೆಲ್

ರೆಂಚ್ ನಾಳೆ ಬೆಳಿಗ್ಗೆ ಎಂಟರ ಒಳಗೆ ದಕ್ಕೆಗೆ ಮುಟ್ಟಿಸಿ ಆಯ್ತಾ, ಒಂದು ಬೋಟ್‌ನ ಹೆಡ್ ಕೂರಿಸಲಿಕ್ಕುಂಟು.